ಬ್ರೌಸರ್ ಕೈಕೊಟ್ಟಾಗ: ಬದಲಿಸುವ ಮುನ್ನ ದೋಷವನ್ನು ಹುಡುಕುವ ಬಗೆ

ಪುಟ ಅರ್ಧ ತೆರೆದು ನಿಲ್ಲುತ್ತದೆ. ‘ಸಲ್ಲಿಸಿ’ ಎಂಬ ಗುಂಡಿ ಒತ್ತಿದರೂ ಏನೂ ನಡೆಯುವುದಿಲ್ಲ. ನಿನ್ನೆಯವರೆಗೆ ಸರಿಯಾಗಿದ್ದ ತಾಣ ಇಂದು ಬರೀ ಬಿಳಿ ಪರದೆ. ಇಂಥ ಹೊತ್ತಿನಲ್ಲಿ ಕೈ ತಾನಾಗಿ ಇನ್ನೊಂದು ಬ್ರೌಸರಿನತ್ತ ಹೋಗುತ್ತದೆ. ಅಲ್ಲಿ ಕೆಲಸ ಆಯಿತೆಂದರೆ ಹಳೆಯದು ಕೆಟ್ಟಿದೆ ಎಂದು ತೀರ್ಮಾನಿಸಿ, ಗಂಟುಮೂಟೆ ಕಟ್ಟಿಕೊಂಡು ಹೊಸದಕ್ಕೆ ಹೋಗಿಬಿಡುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ನೆನಪಾಗುವುದು ಇಲ್ಲಿಯೇ.

ನಾನು ಒಮ್ಮೆ ಹೀಗೆಯೇ ಮಾಡಿದ್ದೆ. ಒಂದು ಸಂಸ್ಥೆಯ ಅರ್ಜಿಯನ್ನು ತುಂಬುತ್ತಿದ್ದಾಗ ಕೊನೆಯ ಪುಟದ ಗುಂಡಿ ಜಪ್ಪಯ್ಯ ಎಂದರೂ ಕದಲಲಿಲ್ಲ. ಬೇರೆ ಬ್ರೌಸರಿನಲ್ಲಿ ಅದೇ ಅರ್ಜಿ ಎರಡು ನಿಮಿಷದಲ್ಲಿ ಮುಗಿಯಿತು. ಅಂದೇ ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲವನ್ನೂ ಹೊಸದಕ್ಕೆ ಸಾಗಿಸಿದೆ. ಎರಡು ತಿಂಗಳ ಬಳಿಕ ಆ ಹೊಸ ಬ್ರೌಸರಿನಲ್ಲೂ ಇನ್ನೊಂದು ತಾಣದ ಗುಂಡಿ ಅದೇ ರೀತಿ ಸತ್ತುಹೋಯಿತು. ಆಗ ಮಾತ್ರ ಕುಳಿತು ನೋಡಿದೆ. ಜಾಹೀರಾತು ತಡೆಯುವ ಒಂದು ವಿಸ್ತರಣೆ (ಬ್ರೌಸರಿಗೆ ನಾವು ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ, ಎಕ್ಸ್‌ಟೆನ್ಶನ್), ಅದಕ್ಕೆ ನಾನು ಸೇರಿಸಿದ್ದ ಒಂದು ಹೆಚ್ಚುವರಿ ತಡೆಪಟ್ಟಿ, ಎರಡೂ ಸೇರಿ ಪುಟಕ್ಕೆ ಬೇಕಾದ ಒಂದು ಕಡತವನ್ನು ತಡೆಯುತ್ತಿದ್ದವು. ಬ್ರೌಸರ್ ಬದಲಿಸಿದ ಮರುವಾರವೇ ಅದೇ ವಿಸ್ತರಣೆಯನ್ನು, ಅದೇ ಪಟ್ಟಿಯೊಂದಿಗೆ ಅಲ್ಲೂ ಹಾಕಿಕೊಂಡಿದ್ದೆ. ಹಳೆಯ ಬ್ರೌಸರಿನಲ್ಲಿ ಯಾವ ದೋಷವೂ ಇರಲಿಲ್ಲ.

ಬೇರೆ ಬ್ರೌಸರ್ ತೆರೆದು ನೋಡುವುದು ಒಳ್ಳೆಯ ಪರೀಕ್ಷೆ. ಅದನ್ನೇ ಚಿಕಿತ್ಸೆ ಎಂದುಕೊಂಡರೆ ದೋಷ ಇದ್ದಲ್ಲೇ ಉಳಿಯುತ್ತದೆ ಇಲ್ಲವೇ ನಮ್ಮ ಜೊತೆಗೇ ಬರುತ್ತದೆ. ಈ ಬರಹ ಇರುವುದು ಆ ಪರೀಕ್ಷೆಯನ್ನು ಸರಿಯಾಗಿ ಮಾಡುವುದು ಹೇಗೆ ಎಂಬುದಕ್ಕೆ.

ಮುಟ್ಟುವ ಮುನ್ನ ಬರೆದಿಡಿ

ಪರದೆಯ ಮೇಲೆ ಬಂದ ದೋಷ ಸಂದೇಶವನ್ನು ಅಕ್ಷರಶಃ ಬರೆದುಕೊಳ್ಳಿ ಅಥವಾ ಪರದೆಯ ಚಿತ್ರ ತೆಗೆದಿಡಿ. ‘ಏನೋ ಎರರ್ ಬಂತು’ ಎಂಬ ಮಾತಿನಿಂದ ಯಾರಿಗೂ ಉಪಯೋಗವಿಲ್ಲ. ಯಾವ ವಿಳಾಸ, ಯಾವ ಹೆಜ್ಜೆ ಇಟ್ಟಾಗ, ಎಷ್ಟು ಗಂಟೆಗೆ, ಪ್ರತಿ ಸಲವೂ ಆಗುತ್ತದೆಯೇ ಅಥವಾ ಆಗೊಮ್ಮೆ ಈಗೊಮ್ಮೆಯೇ ಎಂಬುದು ಬೇಕು. ಇತ್ತೀಚೆಗೆ ಏನನ್ನು ಹೊಸದಾಗಿ ಹಾಕಿದಿರಿ, ಯಾವುದು ನವೀಕರಣಗೊಂಡಿತು ಎಂಬುದನ್ನೂ ಸೇರಿಸಿ.

ಇದರ ಜೊತೆಗೆ ಒಂದು ನಿಯಮವಿದೆ, ಅದನ್ನು ಮುರಿದವರು ಗಂಟೆಗಟ್ಟಲೆ ಕಳೆದುಕೊಳ್ಳುವುದನ್ನು ನೋಡಿದ್ದೇನೆ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕ್ಯಾಶೆ (ಬ್ರೌಸರ್ ಉಳಿಸಿಟ್ಟ ಪುಟಗಳ ಪ್ರತಿ) ಅಳಿಸಿ, ವಿಸ್ತರಣೆ ತೆಗೆದು, ರೂಟರ್ ಆರಿಸಿ ಹಚ್ಚಿ, ಬ್ರೌಸರನ್ನು ಮತ್ತೆ ಅನುಸ್ಥಾಪಿಸಿ, ಇಷ್ಟನ್ನೂ ಒಟ್ಟಿಗೆ ಮಾಡಿದಾಗ ದೋಷ ಹೋದರೂ ಯಾವುದರಿಂದ ಹೋಯಿತು ಎಂಬುದು ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದ ಶುರು.

ಒಂದೇ ತಾಣವೋ, ಎಲ್ಲ ತಾಣಗಳೋ

ಇದು ಮೊದಲ ಕವಲು. ಒಂದೂ ತಾಣ ತೆರೆಯದಿದ್ದರೆ ಬ್ರೌಸರನ್ನು ಸದ್ಯಕ್ಕೆ ಬಿಟ್ಟು ಸಂಪರ್ಕವನ್ನು ನೋಡಿ. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಅದೇ ವಿಳಾಸ ತೆರೆಯುವುದು ಅರ್ಧ ನಿಮಿಷದ ಕೆಲಸ, ಅದರಿಂದ ಸಿಗುವ ತಿಳಿವು ಬಹಳ. ಉಳಿದ ತಾಣಗಳು ತೆರೆದು, ಮೊಬೈಲ್ ಡೇಟಾದಲ್ಲೂ ಒಂದು ತಾಣ ಮಾತ್ರ ತೆರೆಯದಿದ್ದರೆ ತೊಂದರೆ ಸಂಪರ್ಕದ್ದಲ್ಲ, ಆ ತಾಣದ್ದೋ ನಿಮ್ಮ ಯಂತ್ರದ್ದೋ ಇರಬಹುದು.

ತಾಣದ ಹೆಸರು ಸಿಗಲಿಲ್ಲ ಎಂಬ ಸಂದೇಶ, ಅಂದರೆ ಕ್ರೋಮ್‌ನಲ್ಲಿ ‘ಎನ್‌ಎಕ್ಸ್‌ಡೊಮೈನ್’ ಎಂದು ಕೊನೆಗೊಳ್ಳುವ ಸಾಲು ಬಂದರೆ, ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಹಂತದಲ್ಲಿ ಎಡವಟ್ಟಾಗಿದೆ ಎಂದರ್ಥ. ವಿಳಾಸದಲ್ಲಿ ಅಕ್ಷರ ತಪ್ಪಿದೆಯೇ ಎಂಬುದನ್ನು ಮೊದಲು ನೋಡಿ. ಇಲ್ಲೊಂದು ಸೂಕ್ಷ್ಮವಿದೆ: ಕೆಲವು ಬ್ರೌಸರ್‌ಗಳು ಕಂಪ್ಯೂಟರಿನ ಡಿಎನ್‌ಎಸ್ ಬಿಟ್ಟು, ತಮ್ಮದೇ ಸುರಕ್ಷಿತ ಡಿಎನ್‌ಎಸ್ ಸೇವೆಯನ್ನು ಬಳಸುವಂತೆ ಹೊಂದಿಸಲ್ಪಟ್ಟಿರುತ್ತವೆ. ಹಾಗಾಗಿ ಒಂದೇ ಯಂತ್ರ, ಒಂದೇ ವೈಫೈ ಇದ್ದರೂ ಒಂದರಲ್ಲಿ ತಾಣ ತೆರೆದು ಇನ್ನೊಂದರಲ್ಲಿ ತೆರೆಯದಿರುವುದು ಸಾಧ್ಯ. ಅಲ್ಲಿ ಎರಡು ಬ್ರೌಸರ್‌ಗಳ ನಡುವೆ ವ್ಯತ್ಯಾಸವಿರುವುದು ಆ ಒಂದು ಸೆಟ್ಟಿಂಗ್‌ನಲ್ಲಿ ಮಾತ್ರ.

ತಾಣ ಅಸಲಿಯೇ ಎಂಬುದನ್ನು ಸಾಬೀತುಪಡಿಸುವ ಪ್ರಮಾಣಪತ್ರದ ಕುರಿತ ಎಚ್ಚರಿಕೆ ಹಲವು ತಾಣಗಳಲ್ಲಿ ಒಟ್ಟಿಗೆ ಕಾಣಿಸಿಕೊಂಡರೆ ಗಡಿಯಾರ ನೋಡಿ. ಕಂಪ್ಯೂಟರಿನ ದಿನಾಂಕ ವರ್ಷಗಟ್ಟಲೆ ಹಿಂದೆ ಹೋಗಿದ್ದರೆ, ಇಂದಿನ ಪ್ರಮಾಣಪತ್ರಗಳೆಲ್ಲ ಅದಕ್ಕೆ ಇನ್ನೂ ಜಾರಿಗೆ ಬಾರದಂತೆ ಕಾಣುತ್ತವೆ. ಹಳೆಯ ಯಂತ್ರದ ಒಳಗಿನ ಪುಟ್ಟ ಬ್ಯಾಟರಿ ಮುಗಿದಿದ್ದರೆ ಆರಿಸಿ ಹಚ್ಚಿದಾಗಲೆಲ್ಲ ಹೀಗಾಗುತ್ತದೆ. ಗಡಿಯಾರ ಸರಿಯಿದ್ದರೆ ಮುಂದಿನ ಅನುಮಾನ ಆಂಟಿವೈರಸ್ ಮೇಲೆ. ಸುರಕ್ಷಿತ ಸಂಪರ್ಕದ ಒಳಗನ್ನೂ ಪರೀಕ್ಷಿಸುವ ಆಂಟಿವೈರಸ್‌ಗಳು ತಮ್ಮದೇ ಪ್ರಮಾಣಪತ್ರವನ್ನು ನಡುವೆ ಇಡುತ್ತವೆ, ಅದು ಕೆಲವೊಮ್ಮೆ ಬ್ರೌಸರಿಗೆ ಒಪ್ಪಿಗೆಯಾಗುವುದಿಲ್ಲ. ಕಾರಣ ಏನೇ ಇರಲಿ, ಹಣ ಪಾವತಿಸುವ ಅಥವಾ ಪಾಸ್‌ವರ್ಡ್ ಕೊಡುವ ತಾಣದಲ್ಲಿ ‘ಪರವಾಗಿಲ್ಲ, ಮುಂದುವರಿಸಿ’ ಎಂಬುದನ್ನು ಒತ್ತಬೇಡಿ.

2021ರ ಸೆಪ್ಟೆಂಬರ್ 30ರಂದು, ತಾಣಗಳಿಗೆ ಉಚಿತವಾಗಿ ಪ್ರಮಾಣಪತ್ರ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಹಳೆಯ ಮ್ಯಾಕ್ ಯಂತ್ರಗಳಲ್ಲಿ ಸಫಾರಿ, ಕ್ರೋಮ್ ಎರಡರಲ್ಲೂ ಅನೇಕ ತಾಣಗಳು ತೆರೆಯದಾದವು, ಫೈರ್‌ಫಾಕ್ಸ್‌ನಲ್ಲಿ ಮಾತ್ರ ತೆರೆದವು. ಫೈರ್‌ಫಾಕ್ಸ್ ನಂಬಬಹುದಾದ ಮೂಲ ಪ್ರಮಾಣಪತ್ರಗಳ ಪಟ್ಟಿಯನ್ನು ತಾನೇ ಹೊತ್ತು ತರುತ್ತದೆ, ಉಳಿದವು ಆಗ ಆಪರೇಟಿಂಗ್ ಸಿಸ್ಟಮ್‌ನ ಪಟ್ಟಿಯನ್ನು ನೆಚ್ಚಿಕೊಂಡಿದ್ದವು. ಬ್ರೌಸರ್ ಬದಲಿಸಿದ್ದರಿಂದ ಕೆಲಸವೇನೋ ಆಯಿತು, ಆದರೆ ಹಳತಾಗಿದ್ದದ್ದು ಆಪರೇಟಿಂಗ್ ಸಿಸ್ಟಮ್ ಎಂಬುದು ಎಷ್ಟೋ ಜನರಿಗೆ ತಿಳಿಯದೇ ಹೋಯಿತು.

ಖಾಸಗಿ ಕಿಟಕಿ ಏನು ಹೇಳುತ್ತದೆ

ತೊಂದರೆ ಒಂದೇ ತಾಣದಲ್ಲಿದ್ದರೆ, ಬೇರೆ ಬ್ರೌಸರಿಗೆ ಹೋಗುವ ಮುನ್ನ ಇದೇ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಆ ಪುಟ ತೆರೆಯಿರಿ. ಕ್ರೋಮ್ ಮತ್ತು ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ. ನಾವು ವಿಶೇಷ ಅನುಮತಿ ಕೊಡದ ಹೊರತು ಅಲ್ಲಿ ವಿಸ್ತರಣೆಗಳು ಓಡುವುದಿಲ್ಲ, ಹಳೆಯ ಕುಕಿಗಳಾಗಲಿ (ನಿಮ್ಮನ್ನು ಗುರುತಿಸಲು ತಾಣ ಉಳಿಸುವ ಪುಟ್ಟ ಟಿಪ್ಪಣಿಗಳು) ಉಳಿಸಿಟ್ಟ ಕಡತಗಳಾಗಲಿ ಇರುವುದಿಲ್ಲ. ಆದರೆ ಎಂಜಿನ್ (ಪುಟವನ್ನು ಓದಿ ಪರದೆಯ ಮೇಲೆ ಮೂಡಿಸುವ ಒಳಭಾಗ), ಸಂಪರ್ಕ, ಗ್ರಾಫಿಕ್ಸ್ ಎಲ್ಲವೂ ಅವೇ. ಹಾಗಾಗಿ ಖಾಸಗಿ ಕಿಟಕಿಯಲ್ಲಿ ಪುಟ ಸರಿಯಾಗಿ ನಡೆದರೆ ದೋಷ ಎರಡೇ ಜಾಗದಲ್ಲಿ ಅಡಗಿರಬಹುದು: ವಿಸ್ತರಣೆಯಲ್ಲಿ, ಇಲ್ಲವೇ ಆ ತಾಣ ನಿಮ್ಮ ಯಂತ್ರದಲ್ಲಿ ಉಳಿಸಿದ ಮಾಹಿತಿಯಲ್ಲಿ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಸ್ಪಷ್ಟ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ. ಅರ್ಜಿ ತುಂಬುತ್ತಿದ್ದ ದಿನ ಇದೊಂದನ್ನು ಮಾಡಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿತ್ತು.

ಉಳಿಸಿದ ಮಾಹಿತಿಯ ಮೇಲೆ ಅನುಮಾನವಿದ್ದರೆ ಮೊದಲು ಕಂಟ್ರೋಲ್, ಶಿಫ್ಟ್, ಆರ್ ಒತ್ತಿ; ಕ್ಯಾಶೆಯನ್ನು ಬದಿಗಿಟ್ಟು ಪುಟ ಹೊಸದಾಗಿ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ವಿಳಾಸ ಪಟ್ಟಿಯ ಎಡತುದಿಯ ಚಿಹ್ನೆ ಒತ್ತಿ ಆ ಒಂದು ತಾಣದ ಕುಕಿಗಳನ್ನೂ ಮಾಹಿತಿಯನ್ನೂ ಅಳಿಸಿ. ಅಲ್ಲಿ ಮತ್ತೆ ಲಾಗಿನ್ ಆಗಬೇಕಾಗುತ್ತದೆ, ಕಳುಹಿಸದೆ ಉಳಿದ ಕರಡುಗಳು ಹೋಗಬಹುದು, ಅಷ್ಟೇ. ಇಡೀ ಬ್ರೌಸರಿನ ಇತಿಹಾಸ, ಕುಕಿ, ಪಾಸ್‌ವರ್ಡ್ ಎಲ್ಲವನ್ನೂ ಒರೆಸಿ ಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಸಲಹೆ ಅದು, ದಯವಿಟ್ಟು ಕೇಳಬೇಡಿ.

ವಿಸ್ತರಣೆಯ ಮೇಲೆ ಅನುಮಾನವಿದ್ದರೆ ಒಂದೊಂದಾಗಿ ಆರಿಸುತ್ತ (ಆಫ್ ಮಾಡುತ್ತ) ಕೂರಬೇಕಿಲ್ಲ, ಅರ್ಧರ್ಧ ಮಾಡಿ. 16 ವಿಸ್ತರಣೆಗಳಿದ್ದರೆ ಮೊದಲು 8ನ್ನು ಆಫ್ ಮಾಡಿ. ದೋಷ ಹೋಯಿತೇ? ಹಾಗಾದರೆ ತಪ್ಪಿತಸ್ಥ ಆ ಎಂಟರಲ್ಲಿದೆ. ಹೋಗಲಿಲ್ಲವೇ, ಉಳಿದ ಎಂಟರಲ್ಲಿದೆ. ಎಂಟು ನಾಲ್ಕಾಗಿ, ನಾಲ್ಕು ಎರಡಾಗಿ, ನಾಲ್ಕನೆಯ ಸುತ್ತಿಗೆ ಒಂದೇ ಉಳಿಯುತ್ತದೆ. ಎರಡು ವಿಸ್ತರಣೆಗಳು ಪರಸ್ಪರ ತಿಕ್ಕಾಡಿ ತೊಂದರೆ ಕೊಡುತ್ತಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ, ಅದು ಅಪರೂಪ. ಫೈರ್‌ಫಾಕ್ಸ್‌ನಲ್ಲಿ ಸಹಾಯ ಮೆನುವಿನಲ್ಲಿರುವ ದೋಷ ಪತ್ತೆ ಸ್ಥಿತಿಯು ವಿಸ್ತರಣೆ, ಥೀಮ್, ಗ್ರಾಫಿಕ್ಸ್ ವೇಗವರ್ಧನೆ ಎಲ್ಲವನ್ನೂ ತಾತ್ಕಾಲಿಕವಾಗಿ ಆರಿಸುತ್ತದೆ. ಕ್ರೋಮ್, ಎಡ್ಜ್‌ಗಳಲ್ಲಿ ಹೊಸದೊಂದು ಪ್ರೊಫೈಲ್ (ಸೆಟ್ಟಿಂಗ್, ಮಾಹಿತಿ ಎಲ್ಲವೂ ಬೇರೆ ಇರುವ ಖಾನೆ) ಸೃಷ್ಟಿಸಿ ಅದರಲ್ಲಿ ನೋಡಬಹುದು, ಹಳೆಯ ಪ್ರೊಫೈಲಿಗೆ ಏನೂ ಆಗುವುದಿಲ್ಲ.

ಇನ್ನೂ ನೇರವಾದ ದಾರಿ ಬೇಕಿದ್ದರೆ ಎಫ್12 ಒತ್ತಿ. ತಂತ್ರಜ್ಞರಿಗಷ್ಟೇ ಎಂದು ಹೆದರಿ ದೂರವಿಡುವ ಆ ಫಲಕದಲ್ಲಿ ನಮಗೆ ಬೇಕಾದದ್ದು ಎರಡೇ ಜಾಗ, ಕನ್ಸೋಲ್ ಮತ್ತು ನೆಟ್‌ವರ್ಕ್. ಪುಟವನ್ನು ಮತ್ತೆ ತೆರೆದು ಕೆಂಪು ಸಾಲುಗಳನ್ನು ನೋಡಿ. 500, 502, 503 ಎಂಬ ಅಂಕಿ ಇದ್ದರೆ ದೋಷ ಸರ್ವರಿನ ಕಡೆಯದು. ನಿಮ್ಮ ಯಂತ್ರದಲ್ಲಿ ಏನು ಮಾಡಿದರೂ ಅದು ಸರಿಯಾಗದು, ಬಿಟ್ಟು ನಂತರ ಬನ್ನಿ. 431 ಬಂದರೆ ಬ್ರೌಸರ್ ಕೋರಿಕೆಯ ಜೊತೆ ಕಳುಹಿಸುವ ವಿವರಗಳು, ಅಂದರೆ ತಲೆಸಾಲುಗಳು (ಹೆಡರ್), ಅತಿಯಾಗಿವೆ. ಸಾಮಾನ್ಯವಾಗಿ ಕುಕಿಗಳು ಬೆಳೆದು ಬೆಳೆದು ಹೀಗಾಗಿರುತ್ತದೆ, ಆ ತಾಣದ ಕುಕಿ ಅಳಿಸಿದರೆ ಸರಿಹೋಗುತ್ತದೆ. ‘ಬ್ಲಾಕ್ಡ್ ಬೈ ಕ್ಲೈಂಟ್’ ಎಂದು ಕಂಡರೆ ತಡೆದದ್ದು ನಿಮ್ಮ ಬ್ರೌಸರಿನೊಳಗೇ ಇದೆ, ಬಹುತೇಕ ಒಂದು ವಿಸ್ತರಣೆ. ನನ್ನ ಸತ್ತ ಗುಂಡಿಯ ಗುಟ್ಟು ಬಯಲಾದದ್ದು ಈ ಒಂದು ಸಾಲಿನಿಂದ.

ಎಂಜಿನ್ ಬದಲಾಯಿತೇ, ಬಣ್ಣ ಮಾತ್ರವೇ

ಖಾಸಗಿ ಕಿಟಕಿಯಲ್ಲೂ ಹೊಸ ಪ್ರೊಫೈಲಿನಲ್ಲೂ ದೋಷ ಉಳಿದರೆ ಬೇರೆ ಬ್ರೌಸರ್ ತೆರೆಯುವ ಸಮಯ ಬಂತು. ಆದರೆ ಯಾವುದನ್ನು ತೆರೆಯುತ್ತೀರಿ? ಕ್ರೋಮ್‌ನಲ್ಲಿ ಕೆಟ್ಟ ಪುಟವನ್ನು ಎಡ್ಜ್‌ನಲ್ಲಿ, ಬ್ರೇವ್‌ನಲ್ಲಿ, ಒಪೆರಾದಲ್ಲಿ, ವಿವಾಲ್ಡಿಯಲ್ಲಿ ತೆರೆದು ‘ನಾಲ್ಕರಲ್ಲೂ ಹೀಗೇ ಆಗುತ್ತದೆ, ಆದ್ದರಿಂದ ತಾಣವೇ ಕೆಟ್ಟಿದೆ’ ಎಂದರೆ, ಒಂದೇ ಸಾಕ್ಷಿಯನ್ನು ನಾಲ್ಕು ಸಲ ಕರೆದಂತೆ. ಇವೆಲ್ಲದರ ಒಳಗಿರುವುದು ಬ್ಲಿಂಕ್ ಎಂಬ ಒಂದೇ ಎಂಜಿನ್.

ಇಂದು ವ್ಯಾಪಕ ಬಳಕೆಯಲ್ಲಿರುವ ಎಂಜಿನ್‌ಗಳು ಮೂರು: ಬ್ಲಿಂಕ್, ಫೈರ್‌ಫಾಕ್ಸ್‌ನ ಗೆಕೋ, ಸಫಾರಿಯ ವೆಬ್‌ಕಿಟ್. ಬ್ಲಿಂಕ್ ಕೂಡ 2013ರಲ್ಲಿ ವೆಬ್‌ಕಿಟ್‌ನಿಂದ ಕವಲೊಡೆದದ್ದೇ. ಅದೇ ವರ್ಷ ಒಪೆರಾ ತನ್ನ ಸ್ವಂತ ಎಂಜಿನ್ ಕೈಬಿಟ್ಟಿತು. 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕೂಡ ಎಡ್ಜ್ ಅನ್ನು ಕ್ರೋಮಿಯಂ (ಕ್ರೋಮ್‌ಗೂ ಆಧಾರವಾದ, ಬ್ಲಿಂಕ್ ಇರುವ ಮುಕ್ತ ತಂತ್ರಾಂಶ) ತಳಹದಿಯ ಮೇಲೆ ಹೊಸದಾಗಿ ಹೊರತಂದಿತು. ಐಫೋನ್‌ನ ಸಂಗತಿ ಬೇರೆಯೇ: ಐರೋಪ್ಯ ಒಕ್ಕೂಟದಲ್ಲಿ 2024ರಲ್ಲಿ ನಿಯಮ ಸಡಿಲಗೊಂಡಿತು, ಆದರೆ ಬಹುಕಾಲದಿಂದ ಅಲ್ಲಿನ ಕ್ರೋಮ್, ಫೈರ್‌ಫಾಕ್ಸ್ ಎಲ್ಲವೂ ಒಳಗೆ ವೆಬ್‌ಕಿಟ್ ಅನ್ನೇ ಬಳಸಬೇಕಾಗಿ ಬಂದಿದೆ. ಐಫೋನ್‌ನಲ್ಲಿ ಬ್ರೌಸರ್ ಬದಲಿಸಿ ಎಂಜಿನ್ ದೋಷವನ್ನು ಪರೀಕ್ಷಿಸಲು ಹೊರಟರೆ ಉತ್ತರ ಸಿಗದಿರುವುದು ಇದರಿಂದಲೇ.

ಬೇರೆ ಎಂಜಿನ್‌ನಲ್ಲಿ ಪುಟ ಸರಿ ನಡೆಯಿತು ಎಂದಾಗಲೂ ಒಮ್ಮೆ ತಡೆಯಿರಿ. ಎಂಜಿನ್ ಜೊತೆಗೆ ನೀತಿಯೂ ಬದಲಾಗಿರುತ್ತದೆ. ಒಂದು ತಾಣದೊಳಗೆ ಇನ್ನೊಂದು ತಾಣದ ಪಾವತಿ ಚೌಕಟ್ಟೋ ಲಾಗಿನ್ ಕಿಟಕಿಯೋ ತೆರೆದುಕೊಂಡು, ಅಲ್ಲಿಂದ ಮತ್ತೆ ಮತ್ತೆ ಲಾಗಿನ್ ಪುಟಕ್ಕೇ ಮರಳಿ ತರುತ್ತಿದ್ದರೆ, ಅದು ಹೊರತಾಣದ ಕುಕಿಗಳಿಗೆ ಸಂಬಂಧಿಸಿದ ತೊಂದರೆಯಾಗಿರುವ ಸಾಧ್ಯತೆ ಹೆಚ್ಚು. ಸಫಾರಿ 2020ರ ಮಾರ್ಚ್‌ನಿಂದ ಅಂಥ ಕುಕಿಗಳನ್ನು ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣದ ಕುಕಿಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟಂತೆ ಪ್ರತ್ಯೇಕಿಸುತ್ತಿದೆ. ಕ್ರೋಮ್ ಹೊರತಾಣದ ಕುಕಿಗಳನ್ನು ತೆಗೆದುಹಾಕುವ ಯೋಜನೆಯನ್ನು 2020ರಲ್ಲಿ ಘೋಷಿಸಿ ಮುಂದೆ ಕೈಬಿಟ್ಟಿತು. ಹೀಗಿರುವಾಗ ‘ಕ್ರೋಮ್‌ನಲ್ಲಿ ಮಾತ್ರ ನಡೆಯುತ್ತದೆ’ ಎಂದರೆ ಕ್ರೋಮ್ ಉತ್ತಮ ಎಂದು ಅರ್ಥವಲ್ಲ. ಉಳಿದವು ನಿಮ್ಮನ್ನು ಕಾಯಲು ಹಾಕಿದ ಬಾಗಿಲನ್ನು ಆ ತಾಣ ಇನ್ನೂ ಗಮನಿಸಿಲ್ಲ. ಆ ತಾಣಕ್ಕೆ ಮಾತ್ರ ರಕ್ಷಣೆಯನ್ನು ಸಡಿಲಿಸಿ ನೋಡಿ, ಕೆಲಸ ಮುಗಿದ ಮೇಲೆ ಮರೆಯದೆ ಮತ್ತೆ ಬಿಗಿಮಾಡಿ.

ಪರದೆ ಕಪ್ಪಾದರೆ, ಟ್ಯಾಬ್ ಕುಸಿದರೆ

ಪುಟದಲ್ಲಿ ಕಪ್ಪು ಚೌಕಗಳು, ವಿಡಿಯೊದಲ್ಲಿ ಧ್ವನಿ ಮಾತ್ರ, ಉರುಳಿಸುವಾಗ ಮಿನುಗು ಕಂಡರೆ ಸೆಟ್ಟಿಂಗ್‌ಗಳಲ್ಲಿ ಹಾರ್ಡ್‌ವೇರ್ ವೇಗವರ್ಧನೆಯನ್ನು (ಚಿತ್ರ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವುದು) ಆಫ್ ಮಾಡಿ, ಬ್ರೌಸರನ್ನು ಮುಚ್ಚಿ ತೆರೆಯಿರಿ. ಸರಿಹೋದರೆ ತಪ್ಪು ಬಹುಮಟ್ಟಿಗೆ ಗ್ರಾಫಿಕ್ಸ್ ಡ್ರೈವರಿನದು. ಡ್ರೈವರನ್ನು ನವೀಕರಿಸಿ ಮತ್ತೆ ಹಚ್ಚಿ. ಆರಿಸಿಯೇ ಬಿಟ್ಟರೆ ವಿಡಿಯೊ ನೋಡುವಾಗ ಪ್ರೊಸೆಸರ್ ಮೇಲೆ ಹೊರೆ ಬೀಳುತ್ತದೆ.

ಟ್ಯಾಬ್‌ಗಳು ಕುಸಿಯುತ್ತಿದ್ದರೆ ಕ್ರೋಮ್‌ನಲ್ಲಿ ಶಿಫ್ಟ್, ಎಸ್ಕೇಪ್ ಒತ್ತಿದಾಗ ಬರುವ ಪಟ್ಟಿಯಲ್ಲಿ ಯಾವ ಟ್ಯಾಬ್, ಯಾವ ವಿಸ್ತರಣೆ ಎಷ್ಟು ಮೆಮೊರಿ ತಿನ್ನುತ್ತಿದೆ ಎಂಬುದು ಕಾಣುತ್ತದೆ. ಎರಡು ಎಂಜಿನ್‌ಗಳಲ್ಲೂ, ಗೊತ್ತುಗುರಿಯಿಲ್ಲದೆ, ಬೇರೆ ತಂತ್ರಾಂಶಗಳ ಜೊತೆಜೊತೆಗೇ ಕುಸಿತ ನಡೆಯುತ್ತಿದ್ದರೆ ತಂತ್ರಾಂಶವನ್ನು ದೂರುವುದು ಬಿಟ್ಟು ರ‍್ಯಾಮ್ ಪರೀಕ್ಷೆ ನಡೆಸಿ.

ಬಂದು ಹೋಗುವ ದೋಷ

ಮೇಲಿನದೆಲ್ಲ ಮತ್ತೆ ಮಾಡಿ ತೋರಿಸಬಹುದಾದ ದೋಷಗಳಿಗೆ. ಕಾಡುವುದು ಇನ್ನೊಂದು ಜಾತಿ: ಬೆಳಗ್ಗೆ ಇತ್ತು, ಯಾರನ್ನೋ ಕರೆದು ತೋರಿಸುವ ಹೊತ್ತಿಗೆ ಇಲ್ಲ. ಜಿಮ್ ಗ್ರೇ ಎಂಬ ಕಂಪ್ಯೂಟರ್ ವಿಜ್ಞಾನಿ 1985ರ ಒಂದು ಪ್ರಬಂಧದಲ್ಲಿ ದೋಷಗಳನ್ನು ಹೀಗೆಯೇ ಎರಡಾಗಿ ವಿಂಗಡಿಸಿದ್ದರು. ಗಟ್ಟಿಯಾಗಿ ಕುಳಿತು ಪ್ರತಿ ಸಲ ಸಿಗುವುದು ‘ಬೋರ್‌ಬಗ್’, ನೋಡಲು ಹೋದರೆ ಮಾಯವಾಗುವುದು ‘ಹೈಸೆನ್‌ಬಗ್’. ಎರಡನೆಯದು ಹುಟ್ಟುವುದು ಸಮಯದ ಹೊಂದಾಣಿಕೆಯಿಂದ, ತುಂಬಿದ ಮೆಮೊರಿಯಿಂದ, ಯಾವ ಕೆಲಸ ಯಾವುದಕ್ಕಿಂತ ಮೊದಲು ಮುಗಿಯಿತು ಎಂಬ ಆಕಸ್ಮಿಕದಿಂದ. ಹೊಸ ಸ್ಥಿತಿಯಿಂದ ಆರಂಭಿಸಿದರೆ ಅದೇ ಆಕಸ್ಮಿಕ ಮತ್ತೆ ಕೂಡಿಬರುವುದು ಕಡಿಮೆ. ‘ಮುಚ್ಚಿ ಮತ್ತೆ ತೆರೆಯಿರಿ’ ಎಂಬ ಸಲಹೆಯನ್ನು ಹಗುರವಾಗಿ ಕಾಣಬಾರದು ಎನ್ನುವುದು ಇದರಿಂದ. ಆದರೆ ಅದನ್ನು ಮಾಡುವುದು ಟಿಪ್ಪಣಿ ಬರೆದಾದ ಮೇಲೆ, ಏಕೆಂದರೆ ಸುಳಿವುಗಳೂ ಅದರೊಂದಿಗೆ ಅಳಿಸಿಹೋಗುತ್ತವೆ.

ನಾವು ಏನನ್ನೂ ಬದಲಿಸದಿದ್ದರೂ ದೋಷ ಬರಬಹುದೇ? ಬರಬಹುದು. 2022ರ ಜನವರಿ 13ರಂದು ಜಗತ್ತಿನಾದ್ಯಂತ ಫೈರ್‌ಫಾಕ್ಸ್ ಯಾವ ಪುಟವನ್ನೂ ತೆರೆಯದೆ ನಿಂತುಬಿಟ್ಟಿತು. ಅದಕ್ಕೆ ಕಾರಣ ಬಳಕೆದಾರರ ಯಂತ್ರದಲ್ಲಿ ನಡೆದ ಯಾವ ನವೀಕರಣವೂ ಆಗಿರಲಿಲ್ಲ. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಬಳಸುವ ಒಂದು ಕ್ಲೌಡ್ ಸೇವೆಯಲ್ಲಿ ಎಚ್‌ಟಿಟಿಪಿ 3 ಎಂಬ ಹೊಸ ಸಂಪರ್ಕ ವಿಧಾನಕ್ಕೆ ಸಂಬಂಧಿಸಿದ ಸೆಟ್ಟಿಂಗ್ ಬದಲಾಗಿತ್ತು. ಫೈರ್‌ಫಾಕ್ಸ್‌ನೊಳಗೆ, ಕಳುಹಿಸುವ ಮಾಹಿತಿಯ ಉದ್ದ ಹೇಳುವ ತಲೆಸಾಲಿನ ಹೆಸರನ್ನು ದೊಡ್ಡಕ್ಷರ, ಸಣ್ಣಕ್ಷರ ಎಂದು ಭೇದ ಮಾಡಿ ಹುಡುಕುವ ತಪ್ಪೊಂದು ಮೊದಲಿನಿಂದಲೂ ಮಲಗಿತ್ತು. ಎರಡೂ ಸೇರಿದಾಗ ಸಂಪರ್ಕದ ಕೆಲಸ ನೋಡುವ ಭಾಗ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಕೊಂಡಿತು. ಅತ್ತ ಸೆಟ್ಟಿಂಗ್ ಹಿಂತೆಗೆದುಕೊಂಡ ಮೇಲೆ ಬ್ರೌಸರನ್ನು ಮುಚ್ಚಿ ತೆರೆದರೆ ಸಾಕಾಯಿತು. ಆ ಬೆಳಗ್ಗೆ ಗಾಬರಿಯಾಗಿ ಪ್ರೊಫೈಲ್ ಅಳಿಸಿದವರು ಕಳೆದುಕೊಂಡದ್ದು ಮಾತ್ರ ತಿರುಗಿ ಬರಲಿಲ್ಲ.

2019ರ ಮೇ ಆರಂಭದಲ್ಲಿ, ವಿಸ್ತರಣೆಗಳ ಸಹಿ ಪರಿಶೀಲಿಸುವ ಒಂದು ಪ್ರಮಾಣಪತ್ರದ ಅವಧಿ ಮುಗಿದು ಫೈರ್‌ಫಾಕ್ಸ್‌ನ ವಿಸ್ತರಣೆಗಳು ಒಮ್ಮೆಲೇ ನಿಂತಾಗ, ಅವನ್ನು ತೆಗೆದು ಮತ್ತೆ ಹಾಕಬೇಡಿ ಎಂದು ಮೊಜಿಲ್ಲಾವೇ ಕೇಳಿಕೊಂಡಿತ್ತು. ತೆಗೆದರೆ ಅವುಗಳೊಳಗಿನ ಮಾಹಿತಿಯೂ ಹೋಗುತ್ತಿತ್ತು. ಕಾರಣ ತಿಳಿಯುವವರೆಗೆ, ಹಿಂದೆಗೆದುಕೊಳ್ಳಲಾಗದ ಯಾವ ಹೆಜ್ಜೆಯನ್ನೂ ಇಡಬೇಡಿ. ಆರಿಸಬಹುದು, ಅಳಿಸಬಾರದು. ಅಳಿಸಲೇಬೇಕಾದರೆ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳ ಪ್ರತಿ ತೆಗೆದ ಮೇಲೆ.

ಯಾವುದನ್ನು ಇಟ್ಟುಕೊಳ್ಳಬೇಕು

‘ಯಾವ ಬ್ರೌಸರ್ ಒಳ್ಳೆಯದು’ ಎಂದು ಕೇಳಿದವರಿಗೆ ನಾನು ಹೇಳುವುದು ಎರಡು ಬ್ರೌಸರ್‌ಗಳ ಹೆಸರನ್ನು, ಬೇರೆ ಬೇರೆ ಎಂಜಿನ್‌ನವು. ದಿನದ ಕೆಲಸಕ್ಕೆ ನಿಮ್ಮ ಕೈಗೆ ಒಗ್ಗಿದ್ದು ಯಾವುದಾದರೂ ಸರಿ; ಭದ್ರತಾ ನವೀಕರಣ ನಿಲ್ಲದೆ ಬರುತ್ತಿರಬೇಕು ಎಂಬುದೊಂದೇ ನನ್ನ ಷರತ್ತು. ಕ್ರೋಮ್ 2023ರಲ್ಲಿ 110ನೆಯ ಆವೃತ್ತಿಯಿಂದ ವಿಂಡೋಸ್ 7ಕ್ಕೆ ಬೆಂಬಲ ನಿಲ್ಲಿಸಿತು. ಅಂಥ ಯಂತ್ರದಲ್ಲಿ ಬ್ರೌಸರ್ ಬದಲಿಸುತ್ತ ಹೋಗುವುದರಿಂದ ಕೆಲಕಾಲ ದೂಡಬಹುದೇ ಹೊರತು, ಹಳತಾದ ಆಪರೇಟಿಂಗ್ ಸಿಸ್ಟಮ್‌ನ ಪ್ರಶ್ನೆ ಬಗೆಹರಿಯುವುದಿಲ್ಲ.

ಎರಡನೆಯ ಬ್ರೌಸರನ್ನು ಬರಿದಾಗಿ ಇಡಿ. ವಿಸ್ತರಣೆ ಹಾಕಬೇಡಿ, ಸೆಟ್ಟಿಂಗ್ ತಿದ್ದಬೇಡಿ, ನವೀಕರಣ ಮಾತ್ರ ಆಗಲಿ. ಅದು ನಿಮ್ಮ ಅಳತೆಗೋಲು. ಅದಕ್ಕೂ ನಿಮ್ಮ ರೂಢಿಗಳನ್ನು ಹತ್ತಿಸಿದರೆ ಅಳೆಯಲು ಏನೂ ಉಳಿಯುವುದಿಲ್ಲ. ಅವಸರದ ಹೊತ್ತಿನಲ್ಲಿ ಅರ್ಜಿ ಅಲ್ಲಿಯೇ ಮುಗಿಸಿ, ಅದರಲ್ಲಿ ತಪ್ಪಿಲ್ಲ, ಗಡುವು ಯಾರನ್ನೂ ಕಾಯುವುದಿಲ್ಲ. ಆದರೆ ಸಂಜೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಹಳೆಯದರ ಖಾಸಗಿ ಕಿಟಕಿಯಲ್ಲಿ ಅದೇ ಪುಟ ತೆರೆದು ನೋಡಿ.

ಕಾರಣ ತಾಣದ್ದೇ ಎಂದು ಖಚಿತವಾದರೆ ಅವರಿಗೆ ಬರೆಯಿರಿ. ಬ್ರೌಸರಿನ ಹೆಸರು ಮತ್ತು ಪೂರ್ಣ ಆವೃತ್ತಿ ಸಂಖ್ಯೆ, ಆಪರೇಟಿಂಗ್ ಸಿಸ್ಟಮ್, ಪುಟದ ವಿಳಾಸ, ಇಟ್ಟ ಹೆಜ್ಜೆಗಳು ಕ್ರಮವಾಗಿ, ಆಗಬೇಕಿದ್ದದ್ದು, ಆದದ್ದು, ಕನ್ಸೋಲಿನ ಕೆಂಪು ಸಾಲು, ವಿಸ್ತರಣೆಗಳಿಲ್ಲದ ಹೊಸ ಪ್ರೊಫೈಲಿನಲ್ಲೂ ಹೀಗೇ ಆಗುತ್ತದೆ ಎಂಬ ಒಂದು ವಾಕ್ಯ. ಆ ಕೊನೆಯ ವಾಕ್ಯವಿಲ್ಲದ ದೂರಿಗೆ ಬರುವ ಮೊದಲ ಉತ್ತರ ‘ಕ್ಯಾಶೆ ಅಳಿಸಿ ನೋಡಿ’ ಎಂದೇ ಇರುತ್ತದೆ. ಪರದೆಯ ಚಿತ್ರ ಕಳುಹಿಸುವ ಮುನ್ನ ಅದರಲ್ಲಿ ಖಾತೆ ಸಂಖ್ಯೆ, ದೂರವಾಣಿ ಸಂಖ್ಯೆಗಳಿದ್ದರೆ ಮುಚ್ಚಿಬಿಡಿ.